ದಿನದ ತಟ್ಟೆಯನ್ನೇ ತನ್ನಿ



ಮೊದಲು ಮಕ್ಕಳಿಗೆ ಒಂದು ಕೆಲಸ. ಈ ಪುಟ ಓದಿ ಮುಗಿಸುವ ಮೊದಲೇ ಎದ್ದು ಅಡುಗೆಮನೆಗೆ ಹೋಗಿ. ಕಪಾಟಿನ ಕೆಳಗಿನ ಸಾಲಿನಲ್ಲಿ, ಎಲ್ಲದರ ಹಿಂದೆ, ಸ್ಟೀಲಿನ ತಟ್ಟೆ, ಲೋಟ, ಡಬ್ಬಿ ಇರುತ್ತವಲ್ಲ, ಅವನ್ನು ಒಂದೊಂದಾಗಿ ಹೊರಗೆ ತೆಗೆದು ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಯಾವುದಾದರೂ ಒಂದರ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಕನ್ನಡ ಅಕ್ಷರ ಸಿಗಬಹುದು. ಓದಿ. ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಆಮೇಲೆ ಒಂದು ಹೆಸರು. ಕೆಲವದರ ಮೇಲೆ ತಾರೀಕೂ ಇರುತ್ತದೆ. ಅದು ಯಾರದೋ ಮದುವೆಯದು, ಗೃಹಪ್ರವೇಶದ್ದು, ಇಲ್ಲವೇ ನಿಮ್ಮ ಅಪ್ಪನದೋ ಅಮ್ಮನದೋ ನಾಮಕರಣದ್ದು. ಯಾರ ಹೆಸರು ಅಂತ ಗೊತ್ತಾಗದಿದ್ದರೆ ಭಾನುವಾರ ಊರಿಗೆ ಫೋನ್ ಮಾಡಿದಾಗ ಅಜ್ಜಿಯನ್ನ ಕೇಳಿ. ಉತ್ತರ ಒಂದು ಮಾತಿನಲ್ಲಿ ಮುಗಿಯೋದಿಲ್ಲ ಅಂತ ಈಗಲೇ ಹೇಳಿಬಿಡ್ತೀನಿ.

ಹೆಸರು ಹಾಕಿಸೋದಕ್ಕೆ ಕಾರಣ ಇತ್ತು. ಊರಲ್ಲಿ ಮದುವೆ, ಹಬ್ಬ, ತಿಥಿ ಅಂದರೆ ಪಾತ್ರೆಗಳು ಮನೆಯಿಂದ ಮನೆಗೆ ಓಡಾಡುತ್ತಿದ್ದವು. ಊಟ ಮುಗಿದು ತೊಳೆದು ರಾಶಿ ಹಾಕಿದ ಮೇಲೆ ಯಾವುದು ಯಾರದು ಅಂತ ತಿಳಿಯಬೇಕಲ್ಲ? ಅದಕ್ಕೇ ಪಾತ್ರೆ ಅಂಗಡಿಯಲ್ಲೇ ಒಬ್ಬ ಸಣ್ಣ ಉಳಿ, ಸುತ್ತಿಗೆ ಹಿಡಿದು ಕೂತಿರುತ್ತಿದ್ದ. ಈಗ ಕರೆಂಟಿನ ಪೆನ್ನಿನಂಥ ಯಂತ್ರ ಬಂದಿದೆ. ನಮ್ಮ ದುಂಡು ದುಂಡಾದ ಅಕ್ಷರಗಳನ್ನು ಗಟ್ಟಿ ಲೋಹದ ಮೇಲೆ ಚುಕ್ಕಿಗಳಲ್ಲಿ ಮೂಡಿಸೋದು ಸುಲಭದ ಕೆಲಸವಲ್ಲ. ಒತ್ತಕ್ಷರ ಬಂತೆಂದರೆ ಇನ್ನೂ ಕಷ್ಟ. ನೀವು ಇಲ್ಲಿ ಶನಿವಾರ ಶನಿವಾರ ಒತ್ತಕ್ಷರ ಬರೆಯೋಕೆ ಒದ್ದಾಡುವಾಗ ಅವರನ್ನ ಒಮ್ಮೆ ನೆನೆಸಿಕೊಳ್ಳಿ.

ಫ್ರಾನ್ಸಿನ ಮಕ್ಕಳಿಗೂ ಇಂಥದೊಂದು ಆಟ ಇದೆ. 1945ರಲ್ಲಿ ಶುರುವಾದ ಡ್ಯುರಾಲೆಕ್ಸ್ ಅನ್ನೋ ಗಾಜಿನ ಲೋಟ ಅಲ್ಲಿನ ಶಾಲೆಗಳ ಊಟದ ಮನೆಯಲ್ಲೆಲ್ಲ ಇರುತ್ತದೆ. ಲೋಟದ ತಳದಲ್ಲಿ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ನೀರು ಕುಡಿದು ಲೋಟ ಎತ್ತಿ ತಳ ನೋಡಿ, ಬಂದ ಸಂಖ್ಯೆಯೇ ನಿನ್ನ ವಯಸ್ಸು ಅಂತ ಒಬ್ಬರನ್ನೊಬ್ಬರು ರೇಗಿಸೋದು. ಅಜ್ಜಂದಿರೂ ಆಡಿದ್ದು ಅದೇ ಆಟ, ಮೊಮ್ಮಕ್ಕಳೂ ಆಡೋದು ಅದೇ. ಲೋಟ ಬದಲಾಗಿಲ್ಲ, ಅದಕ್ಕೇ ಆಟವೂ ಉಳಿದಿದೆ. ಆ ಕಾರ್ಖಾನೆ ಕಷ್ಟಕ್ಕೆ ಸಿಕ್ಕಿದಾಗ 2024ರಲ್ಲಿ ಅಲ್ಲಿನ ಕೆಲಸಗಾರರೇ ಸೇರಿ, ಸಹಕಾರಿ ಸಂಸ್ಥೆ ಮಾಡಿಕೊಂಡು ಅದನ್ನು ವಹಿಸಿಕೊಂಡರು.

ಈಗ ದೊಡ್ಡವರ ಕಡೆಗೆ ತಿರುಗುತ್ತೇನೆ. ಆ ಸ್ಟೀಲಿನ ತಟ್ಟೆಗಳು ಕಪಾಟಿನ ಹಿಂದಕ್ಕೆ ಹೋದದ್ದು ಹೇಗೆ?

ನನಗೆ ಕನಿಷ್ಠ ನಾಲ್ಕು ಮನೆಯವರು ಇದೇ ಕತೆ ಹೇಳಿದ್ದಾರೆ. ಮಗುವಿನ ಗೆಳೆಯರು ಆಟಕ್ಕೆ ಬರುತ್ತಾರೆ. ದೋಸೆಯನ್ನೋ ಪಲಾವನ್ನೋ ಸ್ಟೀಲ್ ತಟ್ಟೆಯಲ್ಲಿ ಹಾಕಿಕೊಟ್ಟಾಗ ಒಂದು ಮಗು ನಗುತ್ತದೆ: ಇದು ನಮ್ಮನೆ ನಾಯಿಯ ಬಟ್ಟಲಿನ ಹಾಗಿದೆ. ಆ ಮಗುವಿನಲ್ಲಿ ಕೆಟ್ಟತನ ಏನಿಲ್ಲ, ಅದರ ಮನೆಯಲ್ಲಿ ನಿಜವಾಗಿಯೂ ನಾಯಿಗೆ ಮಾತ್ರ ಸ್ಟೀಲು. ಆದರೆ ನಮ್ಮ ಮಗು ಅವತ್ತು ರಾತ್ರಿ ಮೆಲ್ಲಗೆ, 'ಅಮ್ಮಾ, ಮುಂದಿನ ಸಲ ಆ ಪ್ಲೇಟು ಬೇಡ' ಅನ್ನುತ್ತದೆ. ವಾರಾಂತ್ಯಕ್ಕೆ ಸ್ಪ್ರಿಂಗ್‌ವೇಲ್‌ನ ಐಕಿಯಾಗೆ ಹೋಗಿ ಬಿಳೀ ಪಿಂಗಾಣಿ ತಟ್ಟೆ ಒಂದು ಡಜನ್ ತಂದದ್ದಾಯಿತು. ಸ್ಟೀಲು ಕೆಳಗಿನ ಸಾಲಿಗೆ ಇಳಿಯಿತು.

ಬಿಳೀ ಪಿಂಗಾಣಿ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ, ಅದರ ಗುಣವನ್ನೂ ಮುಂದೆ ಹೇಳ್ತೀನಿ. ನನ್ನ ತಕರಾರು ಎರಡು ಸೆಟ್ ಇಡೋದರ ಬಗ್ಗೆ. ನಮಗೊಂದು, ಬಂದವರಿಗೊಂದು. ಹಾಗೆ ಇಟ್ಟಾಗ ಮಗುವಿಗೆ ನಾವು ಬಾಯಿಬಿಟ್ಟು ಹೇಳದೆಯೇ ಒಂದು ಪಾಠ ಹೇಳಿಕೊಟ್ಟ ಹಾಗಾಗುತ್ತದೆ: ನಮ್ಮದು ಒಳಗಿಡುವಂಥದ್ದು, ಅವರದು ಹೊರಗಿಡುವಂಥದ್ದು. ಇದೇ ಮಗುವನ್ನ ಶನಿವಾರ ಕಾರಿನಲ್ಲಿ ಕೂರಿಸಿಕೊಂಡು ಕ್ಲೇಟನ್‌ಗೆ ಬಂದು, ಕನ್ನಡ ಮಾತಾಡೋಕೆ ನಾಚಿಕೆ ಪಡಬೇಡ ಅಂತ ನಾವೇ ಹೇಳ್ತೀವಿ!

ಎರಡು ಸೆಟ್ಟಿಗೆ ನಮ್ಮ ನಾಡಿನಲ್ಲಿ ಇನ್ನೂ ಹಳೆಯ, ಇನ್ನೂ ಕಹಿಯಾದ ಚರಿತ್ರೆ ಇದೆ. ಮಕ್ಕಳಿಗೂ ಅದು ಗೊತ್ತಿರಲಿ. ಕೆಲವು ಹಳ್ಳಿಗಳ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುತ್ತಿದ್ದರು. ಕುಡಿದವರೇ ಅದನ್ನು ತೊಳೆದಿಡಬೇಕಿತ್ತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದ ಮೇಲೂ ಅದು ಪೂರ್ತಿ ಹೋಗಿಲ್ಲ, ಪತ್ರಿಕೆಗಳಲ್ಲಿ ಆಗಾಗ ಸುದ್ದಿ ಬರುತ್ತದೆ. ಪೇಟೆಯ ಮನೆಗಳಲ್ಲೂ ಕೆಲಸದವರಿಗೆ ಅಂತ ಬೇರೆ ತಟ್ಟೆ, ಬೇರೆ ಲೋಟ ಇಟ್ಟದ್ದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ತಟ್ಟೆ ಸುಮ್ಮನೆ ತಟ್ಟೆಯಲ್ಲ. ಯಾರಿಗೆ ಯಾವುದರಲ್ಲಿ ಬಡಿಸುತ್ತೇವೆ ಅನ್ನೋದರಲ್ಲಿ ನಾವು ಅವರನ್ನು ಎಲ್ಲಿ ಕೂರಿಸಿದ್ದೇವೆ ಅನ್ನೋದು ಇರುತ್ತದೆ. ಒಂದೇ ಸೆಟ್ ಇಡಿ, ಅದನ್ನೇ ಎಲ್ಲರಿಗೂ ಕೊಡಿ ಅಂತ ನಾನು ಹಟ ಹಿಡಿಯೋದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಆ ಒಂದು ಸೆಟ್ ಯಾವುದು? ನನ್ನ ಓಟು ಸ್ಟೀಲಿಗೆ. ಅಭಿಮಾನಕ್ಕಲ್ಲ, ಲೆಕ್ಕಕ್ಕೆ.

ಸ್ಟೀಲ್ ತಟ್ಟೆ ನಮ್ಮ ಪುರಾತನ ಸಂಪ್ರದಾಯ ಅಂತ ತಿಳಿದಿದ್ದರೆ ಅದು ಸರಿಯಲ್ಲ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಅನ್ನುವವರು ಬಂದೂಕಿನ ನಳಿಗೆ ಬೇಗ ಸವೆಯದಂತೆ ಮಾಡೋಕೆ ಹೊರಟು, ಕಬ್ಬಿಣಕ್ಕೆ ಕ್ರೋಮಿಯಂ ಬೆರೆಸಿದಾಗ ಅದು ತುಕ್ಕು ಹಿಡಿಯದ್ದನ್ನು ಗಮನಿಸಿದರು. ಸುಮಾರು ಶೇಕಡಾ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇದ್ದರೆ ಲೋಹದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪದರ ತಾನಾಗಿ ಕಟ್ಟಿಕೊಳ್ಳುತ್ತದೆ. ಗೀಚಿದರೆ ಆ ಜಾಗದಲ್ಲಿ ಗಾಳಿಯ ಆಮ್ಲಜನಕ ಸೇರಿ ಪದರ ಮತ್ತೆ ಕೂಡಿಕೊಳ್ಳುತ್ತದೆ. ಮಂಡಿ ತರಚಿದರೆ ಹೊಸ ಚರ್ಮ ಬರುತ್ತದಲ್ಲ ಮಕ್ಕಳೇ, ಹಾಗೆ. ನಲವತ್ತು ವರ್ಷ ತಿಕ್ಕಿದ ತಟ್ಟೆ ಇನ್ನೂ ತಟ್ಟೆಯಾಗಿಯೇ ಇರುವುದು ಇದರಿಂದ.

ನಮ್ಮ ಮನೆಗಳಿಗೆ ಇದು ದೊಡ್ಡದಾಗಿ ಬಂದದ್ದು ಅಜ್ಜಿಯರ ಕಾಲದಲ್ಲಿ. ಬೆಂಗಳೂರು, ಮೈಸೂರು ಕಡೆ ಹಿರಿಯರು ಎವರ್‌ಸಿಲ್ವರ್ ಅಂತಲೂ ಕರೆಯುತ್ತಿದ್ದರು. ಅದಕ್ಕೂ ಮುಂಚೆ ಹಿತ್ತಾಳೆ, ಕಂಚು, ತಾಮ್ರ. ಹಿತ್ತಾಳೆ ಎಷ್ಟು ಚಂದ ಅಂತ ಈಗ ಫೋಟೋ ಹಾಕುತ್ತೇವೆ. ಆದರೆ ಹುಣಸೆಹಣ್ಣು, ಬೂದಿ ಹಿಡಿದು ಹಿತ್ತಲಲ್ಲಿ ಕೂತು ಆ ರಾಶಿಯನ್ನು ದಿನಾ ತಿಕ್ಕಿದವರು ಆ ಮಾತು ಹೇಳೋದು ಕಡಿಮೆ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಸಾರು ಇಟ್ಟರೆ ತಾಮ್ರ ಬಿಟ್ಟುಕೊಂಡು ಕಿಲುಬುತ್ತದೆ, ಊಟ ಕೆಡುತ್ತದೆ. ಅದಕ್ಕೇ ಒಳಗೆ ಕಲಾಯಿ ಹಾಕಿಸಬೇಕಿತ್ತು. ಕಲಾಯಿಯವನು ಬೀದಿಗೆ ಬಂದು, ನೆಲದಲ್ಲಿ ಗುಂಡಿ ತೋಡಿ ಇದ್ದಿಲು ಹೊತ್ತಿಸಿ, ತಿದಿ ಒತ್ತಿ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಹಾಕಿ ಉಜ್ಜಿ, ತವರದ ತುಂಡು ಮುಟ್ಟಿಸುತ್ತಿದ್ದ. ತವರ 232 ಡಿಗ್ರಿಗೇ ಕರಗುತ್ತದೆ. ಬಟ್ಟೆಯಿಂದ ಸರ್ರನೆ ಒರೆಸಿದರೆ ಒಳಗೆಲ್ಲ ಬೆಳ್ಳಿಯ ಹಾಗೆ ಹೊಳಪು! ನೋಡೋಕೆ ಜಾದೂ, ನಿಜ. ಆದರೆ ಸವೆದ ಹಾಗೆಲ್ಲ ಮತ್ತೆ ಮತ್ತೆ ಮಾಡಿಸಬೇಕು. ಸ್ಟೀಲು ಬಂದ ಮೇಲೆ ಹೆಂಗಸರಿಗೆ ಆ ತಿಕ್ಕಾಟ ತಪ್ಪಿತು. ಹಾಗಾಗಿ ಹಿತ್ತಾಳೆಗೆ ವಾಪಸ್ ಹೋಗೋಣ ಅನ್ನುವ ಹೊಸ ಉತ್ಸಾಹಕ್ಕೆ ನನ್ನ ಓಟಿಲ್ಲ, ತಿಕ್ಕುವವರು ನೀವೇ ಆಗಿದ್ದರೆ ಬೇರೆ ಮಾತು.

ಕೊಳ್ಳುವಾಗ ನೋಡಬೇಕಾದ್ದು ಸ್ವಲ್ಪವೇ. 18/8 ಅಥವಾ 304 ಅನ್ನೋ ಗುರುತು ಇದ್ದರೆ ಅದರಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕ್ಕಲ್ ಇದೆ ಅಂತ ಅರ್ಥ. ನಿಕ್ಕಲ್ ದುಬಾರಿ, ಆದ್ದರಿಂದ ಅಗ್ಗದ ಪಾತ್ರೆಗಳಲ್ಲಿ ಅದನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ, ಅದಕ್ಕೆ ಉಪ್ಪು ತಾಗಿದರೆ ಕಲೆ ಬೇಗ. ಅಯಸ್ಕಾಂತ ಅಂಟಬಾರದು ಅನ್ನೋ ಪರೀಕ್ಷೆ ಅರ್ಧ ಸತ್ಯ ಮಾತ್ರ, ಯಾಕೆಂದರೆ ಮ್ಯಾಂಗನೀಸ್ ಸ್ಟೀಲಿಗೂ ಅದು ಅಷ್ಟಾಗಿ ಅಂಟೋದಿಲ್ಲ. ತೂಕ ನೋಡೋದು ಹೆಚ್ಚು ನಂಬಿಕೆಯ ದಾರಿ. ನಮ್ಮೂರ ಅಂಗಡಿಗಳಲ್ಲಿ ಸ್ಟೀಲ್ ಪಾತ್ರೆಯನ್ನು ತೂಕಕ್ಕೇ ಮಾರುತ್ತಿದ್ದರಲ್ಲ, ಅದರಲ್ಲಿ ಅರ್ಥ ಇತ್ತು. ದೊಡ್ಡ ಮಕ್ಕಳು ಲೆಕ್ಕ ಮಾಡಿ ನೋಡಿ: 28 ಸೆಂಟಿಮೀಟರ್ ಅಗಲದ, 0.6 ಮಿಲಿಮೀಟರ್ ದಪ್ಪದ ದುಂಡು ತಗಡು, ಒಂದು ಘನ ಸೆಂಟಿಮೀಟರಿಗೆ 8 ಗ್ರಾಂ. ಸುಮಾರು 300 ಗ್ರಾಂ ಬರಬೇಕು. ಅಷ್ಟೇ ಅಗಲದ ತಟ್ಟೆ 200 ಗ್ರಾಂ ಮಾತ್ರ ತೂಗಿದರೆ ಅದು ಬಹಳ ತೆಳು, ಒಂದು ಸಲ ಬಿದ್ದರೆ ಸೊಟ್ಟ. ಅಂಚು ಹೊರಗೆ ಮಡಿಚಿ ನುಣ್ಣಗಿರಲಿ. ಬೆಸುಗೆ, ಕೀಲು ಇರೋದು ಬೇಡ, ಕೊಳೆ ಕೂರೋದು ಅಲ್ಲೇ.

ಎಲ್ಲಕ್ಕಿಂತ ಮುಖ್ಯ, ಎತ್ತರದ ಅಂಚು. ಇದನ್ನ ನಾನು ಎಷ್ಟು ಹೇಳಿದರೂ ಸಾಲದು. ಇಲ್ಲಿನ ಅಂಗಡಿಗಳ ಚಪ್ಪಟೆ ತಟ್ಟೆ ಚಾಕು, ಫೋರ್ಕಿನಲ್ಲಿ ತಿನ್ನುವ ಊಟಕ್ಕೆ ಮಾಡಿದ್ದು. ಅದರ ಮೇಲೆ ಅನ್ನ ಹಾಕಿ, ಗುಳಿ ಮಾಡಿ, ಸಾರು ಬಿಟ್ಟು ನೋಡಿ. ಸಾರು ಮೇಜಿಗೆ, ಮೇಜಿನಿಂದ ಮಡಿಲಿಗೆ. ಆಮೇಲೆ ಮಕ್ಕಳು ಸಾರನ್ನ ತಿನ್ನೋದಿಲ್ಲ ಅಂತ ನಾವು ಗೊಣಗುತ್ತೇವೆ. ಎಷ್ಟೋ ಮನೆಗಳಲ್ಲಿ ಮಕ್ಕಳು ಸಾರು ಬಿಟ್ಟು ಪಲಾವು, ಪಾಸ್ತಾ ಕಡೆ ಹೋದದ್ದಕ್ಕೆ ತಟ್ಟೆಯೂ ಒಂದಿಷ್ಟು ಕಾರಣ ಅಂತ ನನ್ನ ಗುಮಾನಿ. ಅಂಚಿರುವ ತಟ್ಟೆಯಲ್ಲಿ ಕೈಯಿಂದ ಕಲಸಿ, ಅಂಚಿಗೆ ಒತ್ತಿ ತುತ್ತು ಮಾಡಬಹುದು. ನಮ್ಮ ತಟ್ಟೆ ಹಾಗಿರೋದು ನಮ್ಮ ಕೈ ಹಾಗೆ ತಿನ್ನೋದರಿಂದ.

ಹೆಸರುಗಳೂ ಎಷ್ಟೊಂದು ನೋಡಿ. ಬೆಂಗಳೂರಿನವರಿಗೆ ತಟ್ಟೆ, ಧಾರವಾಡದ ಕಡೆಯವರಿಗೆ ತಾಟು, ಗಂಗಾಳ. ಮೈಸೂರಿನಲ್ಲಿ ಬಟ್ಟಲು ಅಂದರೆ ಪಾಯಸ ಹಾಕಿಕೊಳ್ಳುವಷ್ಟು ಚಿಕ್ಕದು, ಕರಾವಳಿ, ಮಲೆನಾಡಿನ ಕೆಲವು ಮನೆಗಳಲ್ಲಿ ಊಟದ ತಟ್ಟೆಯೇ ಬಟ್ಟಲು. ಅಲ್ಲಿಂದ ಬಂದ ಮಗು 'ಬಟ್ಟಲು ಕೊಡಿ' ಅಂದಾಗ ನಮ್ಮ ಟೀಚರ್ ಸಣ್ಣ ಕಪ್ಪು ಕೊಟ್ಟರೆ ತಪ್ಪು ಇಬ್ಬರದೂ ಅಲ್ಲ. ಚೊಂಬು, ತಂಬಿಗೆ, ಚರಿಗೆ, ಹರಿವಾಣ... ನಿಮ್ಮ ಮನೆಯಲ್ಲಿ ಯಾವ ಮಾತಿದೆಯೋ ಅದನ್ನು ಬರೆದುಕೊಂಡು ತನ್ನಿ, ಗೋಡೆಗೆ ಅಂಟಿಸೋಣ. ವಸ್ತು ಮನೆಯಲ್ಲಿ ದಿನಾ ಕೈಗೆ ಸಿಕ್ಕರೆ ಅದರ ಹೆಸರೂ ನಾಲಿಗೆಯ ಮೇಲೆ ಇರುತ್ತದೆ. 'ಪ್ಲೇಟ್' ಬಂದ ಮನೆಯಲ್ಲಿ 'ತಾಟು' ಅನ್ನೋಕೆ ಕಾರಣವೇ ಉಳಿಯೋದಿಲ್ಲ.

ಸ್ಟೀಲಿನಲ್ಲಿ ಆಗದ ಕೆಲಸಗಳೂ ಇವೆ. ಮೈಕ್ರೋವೇವ್‌ಗೆ ಹಾಕೋ ಹಾಗಿಲ್ಲ, ಅದಕ್ಕೆ ಗಾಜಿನ ಡಬ್ಬಿ ಎರಡು ಮೂರು ಇಟ್ಟುಕೊಳ್ಳಿ. ಉಪ್ಪಿನಕಾಯಿಯನ್ನು ಸ್ಟೀಲ್ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಕಾಣದ ಪದರವನ್ನು ಅಲ್ಲಲ್ಲಿ ತೂತು ಮಾಡಿ ಸೂಜಿಮೊನೆಯಷ್ಟು ಗುಳಿ ಕೊರೆಯುತ್ತದೆ. ಅಜ್ಜಿ ಜಾಡಿ ಬಳಸುತ್ತಿದ್ದದ್ದು ಸುಮ್ಮನೆ ಅಲ್ಲ. ಇನ್ನು ಬಿಸಿ. ತಗಡು ತೆಳುವಾದ್ದರಿಂದ ಬಿಸಿ ಕಾಫಿಯ ಲೋಟವನ್ನು ಅಂಚಿನಲ್ಲೇ ಹಿಡಿಯಬೇಕು. ಲೋಟದ ಬಾಯಿ ಹೊರಕ್ಕೆ ಬಾಗಿರೋದು ಅದಕ್ಕೇ.

ಪಿಂಗಾಣಿಯೇ ಇಷ್ಟ ಅನ್ನುವವರಿಗೆ ನನ್ನ ಸಲಹೆ: ಚಿತ್ರವಿಲ್ಲದ ಬಿಳಿಯದು, ಬಿಡಿಯಾಗಿ ಸಿಗುವಂಥದ್ದು ತಗೊಳ್ಳಿ. ಒಂದು ಒಡೆದರೆ ಇನ್ನೊಂದು ತಂದು ಸೇರಿಸಬಹುದು. ಹೂವು, ಚಿನ್ನದ ಗೆರೆ ಇರುವ ಹದಿನಾರು ತುಂಡುಗಳ ಸೆಟ್ಟಿನಲ್ಲಿ ಮೂರು ಒಡೆದ ಮೇಲೆ ಜೋಡಿ ಸಿಗೋದಿಲ್ಲ, ಉಳಿದ ಹದಿಮೂರೂ ಹಾರ್ಡ್ ರಬ್ಬಿಶ್ ದಿನ ರಸ್ತೆ ಬದಿಗೆ ಬರುತ್ತವೆ. ಚಪ್ಪಟೆಯದು ಬೇಡ, ಇಲ್ಲಿ ಪಾಸ್ತಾ ಬೌಲ್ ಅಂತ ಮಾರುವ ಅಗಲವಾದ, ಅಂಚೆತ್ತಿದ ತಟ್ಟೆ ತಗೊಳ್ಳಿ. ಹೆಸರು ಇಟಲಿಯದಾದರೂ ಸಾರನ್ನಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆಪ್ ಶಾಪ್‌ನಲ್ಲಿ ಹಳೆಯ ಬಣ್ಣದ ತಟ್ಟೆ ಚಂದ ಕಂಡರೆ ಗೋಡೆಗೆ ಹಾಕಿ, ಊಟಕ್ಕೆ ಬೇಡ, ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು. ಸಸ್ಯಾಹಾರಿಗಳಿಗೆ ಒಂದು ಕಿವಿಮಾತು: ಬೋನ್ ಚೈನಾದಲ್ಲಿ ನಿಜವಾಗಿಯೂ ದನದ ಮೂಳೆಯ ಬೂದಿ ಇರುತ್ತದೆ. ಹೆಸರಲ್ಲೇ ಹೇಳಿದ್ದಾರೆ, ನಾವು ಕೇಳಿಸಿಕೊಂಡಿಲ್ಲ.

ಎಲೆಯ ಮಾತು ಬಂದೇ ಬರುತ್ತದೆ. ಬಾಳೆಲೆ, ಮುತ್ತುಗದ ಎಲೆ, ಅಡಿಕೆ ಹಾಳೆ, ಇವೂ ಒಮ್ಮೆ ಬಳಸಿ ಬಿಡುವಂಥವೇ ಅಲ್ಲವಾ ಅಂತ ಕೇಳ್ತೀರಿ. ಹೌದು. ಆದರೆ ಅವು ಹಿತ್ತಲಲ್ಲಿ ಬೆಳೆದು, ಉಂಡ ಮೇಲೆ ಹಸುವಿಗೋ ತಿಪ್ಪೆಗೋ ಹೋಗುತ್ತಿದ್ದವು. ಸಾವಿರಾರು ಕಿಲೋಮೀಟರು ಹಡಗಿನಲ್ಲಿ ಬಂದು ಮೆಲ್ಬರ್ನಿನ ಕಸದ ಚೀಲ ಸೇರಿದರೆ ಅದು ಅದೇ ಎಲೆಯಲ್ಲ. ಊರಿನಿಂದ ಬರುವಾಗ ಸೂಟ್‌ಕೇಸಿನಲ್ಲಿ ಹಾಳೆ ತಟ್ಟೆ ತರುವವರು ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಅದನ್ನು ಬರೆಯಲೇಬೇಕು, ಅದು ಗಿಡದಿಂದ ಬಂದ ವಸ್ತು. ಸ್ಟೀಲ್ ತಟ್ಟೆಗೆ ಆ ತಾಪತ್ರಯ ಇಲ್ಲ, ತೂಕವೊಂದೇ.

ಈಗ ನಮ್ಮ ಶಾಲೆಯ ವಿಷಯ. ವಿಕ್ಟೋರಿಯಾದಲ್ಲಿ 2023ರ ಫೆಬ್ರವರಿ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಚಮಚ, ಸ್ಟ್ರಾ, ಥರ್ಮೋಕೋಲಿನ ಊಟದ ಡಬ್ಬಿಗಳಿಗೆ ನಿಷೇಧ ಬಂದಿದೆ. ನಾವು ಏನು ಮಾಡಿದೆವು? ಪ್ಲಾಸ್ಟಿಕ್ ಬಿಟ್ಟು ಕಾಗದದ್ದನ್ನು ತಂದೆವು. ಎಸೆಯೋದು ನಿಲ್ಲಲಿಲ್ಲ. ಇನ್ನೂರು ಜನರ ಊಟ ಅಂದುಕೊಳ್ಳಿ. ತಲೆಗೆ ಒಂದು ತಟ್ಟೆ, ಎರಡು ಬಟ್ಟಲು, ಒಂದು ಲೋಟ, ಒಂದು ಚಮಚ. ಒಂದು ಮಧ್ಯಾಹ್ನಕ್ಕೆ ಸಾವಿರ ವಸ್ತು. ಬಳಕೆ ಇಪ್ಪತ್ತು ನಿಮಿಷ. ಅದೂ ಎಂಥ ಬಳಕೆ! ಕಾಗದದ ತಟ್ಟೆ ಸಾರಿಗೆ ನೆನೆದು ನಡುವೆ ಬಾಗಿ, ಹೋಳಿಗೆಯ ಮೇಲೆ ತಿಳಿಸಾರು ಹರಿದು, ಮಕ್ಕಳು ಎರಡು ಕೈಯಲ್ಲೂ ಅದನ್ನು ಎತ್ತಿ ಹಿಡಿದು ತಿನ್ನೋದು ಹೇಗೆ ಅಂತ ಅತ್ತಿತ್ತ ನೋಡುತ್ತವೆ.

ಆದ್ದರಿಂದ ಬರುವ ಯುಗಾದಿ ಊಟಕ್ಕೆ ಪ್ರತಿಯೊಬ್ಬರೂ ಮನೆಯಿಂದ ಒಂದು ತಟ್ಟೆ, ಒಂದು ಲೋಟ, ಒಂದು ಚಮಚ ತರಬೇಕು ಅಂತ ನಾನು ಕೇಳಿದ್ದೇನೆ. ಸ್ವಯಂಸೇವಕರಲ್ಲಿ ಎಲ್ಲರೂ ಒಪ್ಪಿಲ್ಲ. ಅವರ ಮಾತಲ್ಲೂ ಹುರುಳಿದೆ. ಒಬ್ಬರು ಹೇಳಿದರು, ವಾರವಿಡೀ ದುಡಿದು ಬರುವ ತಾಯಂದಿರಿಗೆ ಒಂದು ದಿನವಾದರೂ ಪಾತ್ರೆ ತೊಳೆಯೋದು ತಪ್ಪಲಿ. ಇದು ನನ್ನನ್ನು ತಡೆದು ನಿಲ್ಲಿಸಿದ ಮಾತು. ಹಿತ್ತಾಳೆಯ ಬಗ್ಗೆ ನಾನೇ ಹೇಳಿದ್ದು ಅದನ್ನೇ ಅಲ್ಲವೇ? ಅದಕ್ಕೆ ನನ್ನ ಉತ್ತರ: ತಾಯಂದಿರು ಯಾಕೆ ತೊಳೆಯಬೇಕು? ತಿಂದವರು ತೊಳೆಯಲಿ. ಏಳು ವರ್ಷದ ಮಗುವಿಗೆ ತನ್ನ ತಟ್ಟೆ ತೊಳೆಯೋಕೆ ಬರುತ್ತದೆ, ನಲವತ್ತೇಳು ವರ್ಷದ ಅಪ್ಪನಿಗೂ ಬರಬೇಕು. ಸ್ಟೀಲು ಕೈಜಾರಿ ಬಿದ್ದರೂ ಒಡೆಯೋದಿಲ್ಲ ಅನ್ನೋದು ಇಲ್ಲಿ ಬಹಳ ಉಪಕಾರ.

ಇನ್ನೊಬ್ಬರು, ಇಲ್ಲೇ ಹುಟ್ಟಿದ ಮಕ್ಕಳಿಗೆ ಮುಜುಗರ ಆಗುತ್ತದೆ ಅಂದರು. ಒಂದು ಮಗು ಒಂಟಿಯಾಗಿ ತಂದರೆ ಆಗಬಹುದು. ಹಾಲಿನಲ್ಲಿ ಇನ್ನೂರು ಸ್ಟೀಲ್ ತಟ್ಟೆ ಒಟ್ಟಿಗೆ ಸದ್ದು ಮಾಡಿದರೆ ಯಾರು ಯಾರನ್ನು ನಗುತ್ತಾರೆ? ಮಕ್ಕಳೇ, ನಿಮಗೆ ಇದನ್ನೂ ಹೇಳಿರಬೇಕು: ಇದೇ ಮೆಲ್ಬರ್ನಿನ ಅಂಗಡಿಗಳಲ್ಲಿ ಸ್ಟೀಲಿನ ಊಟದ ಡಬ್ಬಿಯನ್ನು ಪರಿಸರಸ್ನೇಹಿ ಅಂತ ಚೀಟಿ ಹಚ್ಚಿ ಒಳ್ಳೇ ಬೆಲೆಗೆ ಮಾರುತ್ತಿದ್ದಾರೆ. ನಿಮ್ಮ ಅಜ್ಜ ಅದನ್ನು ಕ್ಯಾರಿಯರ್ ಅನ್ನುತ್ತಿದ್ದರು. ನಾಯಿಬಟ್ಟಲು ಅಂದ ಗೆಳೆಯ ಮತ್ತೆ ಮನೆಗೆ ಬಂದರೆ ಅದೇ ತಟ್ಟೆಯಲ್ಲಿ ಬಿಸಿ ಮಸಾಲೆ ದೋಸೆ ಹಾಕಿ ಕೊಡಿ. ವಾದ ಬೇಡ.

ಪಿಂಗಾಣಿ ತಂದರೂ ಸರಿ, ಗಾಜು ತಂದರೂ ಸರಿ. ಹೊಸದು ಕೊಂಡು ತರಬೇಡಿ, ದಿನಾ ಉಣ್ಣುವ ತಟ್ಟೆಯನ್ನೇ ತನ್ನಿ. ಹೊರುವ ಕಷ್ಟಕ್ಕೆ ಒಂದು ಬಟ್ಟೆಯ ಚೀಲ ಸಾಕು. ಹಾಲಿನ ಸಿಂಕ್ ಚಿಕ್ಕದು, ಆದ್ದರಿಂದ ಬಾಗಿಲ ಪಕ್ಕ ಮೂರು ತೊಟ್ಟಿ ಇಡುತ್ತೇವೆ: ಒಂದಕ್ಕೆ ಉಳಿದ ಅನ್ನ, ಇನ್ನೊಂದರಲ್ಲಿ ಸೋಪಿನ ನೀರು, ಮೂರನೆಯದರಲ್ಲಿ ಬರೀ ನೀರು. ಅದ್ದಿ, ಉಜ್ಜಿ, ಜಾಲಿಸಿ, ಚೀಲಕ್ಕೆ ಹಾಕಿಕೊಂಡು ಹೋಗಿ ಮನೆಯಲ್ಲಿ ಇನ್ನೊಮ್ಮೆ ತೊಳೆದರಾಯಿತು. ಮರೆತು ಬಂದವರಿಗೆ ಇಪ್ಪತ್ತು ತಟ್ಟೆ ಬೇಕು. ಕಪಾಟಿನ ಹಿಂದೆ ಕೂತಿರುವ, ನಿಮಗೆ ಬೇಡವಾದ ತಟ್ಟೆಗಳಿದ್ದರೆ ಕೊಡಿ. ಒಬ್ಬರ ಹತ್ತಿರ ಕೊರೆಯುವ ಯಂತ್ರ ಇದೆಯಂತೆ. ಊಟಕ್ಕೆ ಎರಡು ವಾರ ಮುಂಚೆ ತರಗತಿಗೆ ತಟ್ಟೆ ತಂದರೆ ಅದರ ಅಂಚಿನಲ್ಲಿ ಹೆಸರು ಹಾಕಿಕೊಡುತ್ತೇವೆ. ಒಂದೇ ಷರತ್ತು, ಯಂತ್ರ ಹಿಡಿಯೋದು ದೊಡ್ಡವರು, ಆದರೆ ಅಕ್ಷರಗಳನ್ನು ಮೊದಲು ಪೆನ್ನಿನಲ್ಲಿ ತಟ್ಟೆಯ ಮೇಲೆ ಬರೆಯಬೇಕಾದವರು ನೀವು, ಕನ್ನಡದಲ್ಲಿ, ಒತ್ತಕ್ಷರ ಸರಿಯಾಗಿ.